ಪಾಠದ ಮೇಲಿನ ಪ್ರೀತಿಯನ್ನು ಸಂಬಳಕ್ಕೆ ಜಮಾ ಮಾಡಬೇಡಿ

ಕಾಲೇಜು, ಯೂನಿವರ್ಸಿಟಿ ಮೇಷ್ಟ್ರುಗಳಿಗೆ ಮೊದಲಿನ ನಿಷ್ಠೆ ಇಲ್ಲ ಎಂಬ ಮಾತು ಊರಿಗೆ ಬಂದಾಗಲೆಲ್ಲ ಕಿವಿಗೆ ಬೀಳುತ್ತದೆ. ನಾನು ಒಪ್ಪುವುದಿಲ್ಲ. ನಾನಿರುವ ಜರ್ಮನಿಯಲ್ಲೂ ನಮ್ಮ ಕರ್ನಾಟಕದಲ್ಲೂ ನಿಷ್ಠೆಗೆ ಬರವಿಲ್ಲ, ಬರವಿರುವುದು ಕಾಯಂ ಹುದ್ದೆಗೆ.

ಇಲ್ಲಿ ನಮ್ಮ ವಿಭಾಗದ ಪ್ರತಿ ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ ಪ್ರಿಂಟ್ ತೆಗೆದ ಹೆಸರಿನ ಚೀಟಿ. ಗುತ್ತಿಗೆ ಮುಗಿದರೆ ಚೀಟಿ ಬದಲಾಗುತ್ತದೆ. 2007ರ ಕಾನೂನಿನ ಪ್ರಕಾರ ಪಿಎಚ್‌ಡಿಗೆ ಮೊದಲು 6 ವರ್ಷ, ಆಮೇಲೆ 6 ವರ್ಷ ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ಪ್ರೊಫೆಸರ್ ಆಗದಿದ್ದರೆ, ಯಾವುದಾದರೂ ಪ್ರಾಜೆಕ್ಟಿನ ಹಣವೂ ಸಿಗದಿದ್ದರೆ, ನಲವತ್ತರ ಆಸುಪಾಸಿನಲ್ಲಿ ಹೊಸ ದಾರಿ ಹುಡುಕಬೇಕು. ಹೀಗೆ ಜನ ಬದಲಾಗುತ್ತಿದ್ದರೇ ಹೊಸಬರಿಗೆ ದಾರಿ ಕಟ್ಟಿಹೋಗುವುದಿಲ್ಲ ಎಂದು 'ಹನ್ನಾ' ಎಂಬ ಕಾಲ್ಪನಿಕ ಸಂಶೋಧಕಿಯ ಕಥೆ ಹೇಳಿ ಜರ್ಮನಿಯ ಶಿಕ್ಷಣ ಸಚಿವಾಲಯವೇ ವಿಡಿಯೊ ಮಾಡಿತ್ತು. 2021ರಲ್ಲಿ ಸಾವಿರಾರು ಮಂದಿ 'ನಾನೇ ಹನ್ನಾ' ಎಂದು ಟ್ವಿಟರಿನಲ್ಲಿ ತಿರುಗಿಬಿದ್ದರು. ನನಗೂ ಅವರದೇ ಸಿಟ್ಟು.

ಆದರೂ ಇಲ್ಲಿ ಗುತ್ತಿಗೆ ಇರುವಷ್ಟು ದಿನ ತಿಂಗಳ ಸಂಬಳ ತಪ್ಪುವುದಿಲ್ಲ, ರಜೆಗೂ ಸಂಬಳವಿದೆ, ಪಿಂಚಣಿಗೆ ದುಡ್ಡು ಜಮಾ ಆಗುತ್ತದೆ.

ದೊಡ್ಡಪ್ಪನ ಮಗಳು, ನನ್ನ ಅಕ್ಕ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಷ್ಟು ವರ್ಷ ಪಾಠ ಮಾಡಿದರೂ ಅವಳು 'ಅತಿಥಿ'ಯೇ. ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. 2022ರ ಜನವರಿಯಲ್ಲಿ ಗೌರವಧನವನ್ನು ಗರಿಷ್ಠ 32 ಸಾವಿರಕ್ಕೆ ಏರಿಸಿದಾಗ ಸಂತೋಷಪಟ್ಟೆವು. ಜೊತೆಗೇ ವಾರದ ಕಾರ್ಯಭಾರವನ್ನು 15 ಗಂಟೆಗೆ ಏರಿಸಿದ್ದರಿಂದ, ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರ ಪಾಲಾಗಿ ಇನ್ನೊಬ್ಬರು ಮನೆಗೆ ಹೋಗುವ ಸ್ಥಿತಿ ಬಂತು.

ಕಳೆದ ಸಲ ಅವಳ ಕಾಲೇಜಿಗೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಹುಡುಗಿಯೊಬ್ಬಳು ಬಂದು, "ಮೇಡಂ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ರಿಜೆಕ್ಟ್ ಆಗಿದೆ" ಎಂದಳು. ಅಕ್ಕ ಡಬ್ಬಿ ಪಕ್ಕಕ್ಕಿಟ್ಟು, ತನ್ನದೇ ಮೊಬೈಲಿನಲ್ಲಿ ಆದಾಯ ಪ್ರಮಾಣಪತ್ರದ ನಂಬರು ತಾಳೆ ನೋಡುತ್ತ ಕೂತಳು. ಇದು ಯಾವ ಕಾರ್ಯಭಾರದಲ್ಲೂ ಬರುವುದಿಲ್ಲ. "ಆ ಹುಡುಗಿ ಅವರ ಮನೇಲಿ ಡಿಗ್ರಿ ಓದ್ತಿರೋ ಮೊದಲನೇಯವಳು ಕಣೋ" ಎಂದು ಹೇಳುವಾಗ ಅಕ್ಕನ ಮುಖದಲ್ಲಿದ್ದ ಸಾರ್ಥಕತೆ, ಪ್ರಬಂಧ ಪ್ರಕಟವಾದಾಗ ನನಗೆ ಎಂದೂ ಸಿಕ್ಕಿಲ್ಲ.

ಆ ಸಾರ್ಥಕತೆ ಅವಳ ಸ್ವಂತ ಗಳಿಕೆ. ಅದಿದೆಯಲ್ಲ ಎಂದು ಸರ್ಕಾರ 12 ತಿಂಗಳ ಸಂಬಳವನ್ನೂ ಭವಿಷ್ಯನಿಧಿಯನ್ನೂ ತಪ್ಪಿಸುವ ಹಾಗಿಲ್ಲ. ಪ್ರತಿವರ್ಷ ಅದೇ ಪಾಠ, ಅದೇ ತರಗತಿ ಇರುತ್ತದೆ ಎಂದಮೇಲೆ ಹುದ್ದೆಯೂ ಕಾಯಂ ಆಗಬೇಕು, ಅಲ್ಲೂ, ಇಲ್ಲೂ.