ಹೊಗಳಿದವರೇ ಹರಸಲಿ

ಇಟಲಿಯ ಟ್ಯೂರಿನ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಕೆಳಮನೆಯ ಅಜ್ಜಿ ನನ್ನ ಮಗಳ ಕೆನ್ನೆ ಸವರಿ "ಎಷ್ಟು ಮುದ್ದಾಗಿದ್ದಾಳೆ" ಅಂದರು. ಅಂದ ಉಸಿರಲ್ಲೇ "ದಿಯೊ ಲಾ ಬೆನೆದೀಕಾ", ದೇವರು ಅವಳನ್ನು ಹರಸಲಿ, ಎಂದೂ ಸೇರಿಸಿದರು. ಅಜ್ಜಿ ದಕ್ಷಿಣ ಇಟಲಿಯ ಕಲಾಬ್ರಿಯಾದವರು, 1960ರ ದಶಕದಲ್ಲಿ ಗಂಡನಿಗೆ ಫಿಯಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ದಕ್ಷಿಣದ ಸಾವಿರಾರು ಸಂಸಾರಗಳ ಹಾಗೆ ಇಲ್ಲಿಗೆ ಬಂದವರು. ಅವರ ಕಡೆ ಮಗುವನ್ನು ಹೊಗಳಿದವರು ಹರಸದೆ ಹೋಗುವಂತಿಲ್ಲ. ಪ್ರೀತಿಯಿಂದ ನೋಡಿದ ಕಣ್ಣೂ ತಾಗೀತು, ಹಾಗಾಗಿ ನೋಡಿದವರೇ ಅದನ್ನು ತೆಗೆದು ಹೋಗಬೇಕು.

ನಮ್ಮಲ್ಲಿ ದೃಷ್ಟಿ ತೆಗೆಯಲು ಹೊಗಳಿದವರು ಹೊಸ್ತಿಲು ದಾಟುವುದನ್ನೇ ಕಾಯುತ್ತೇವೆ. ಮಗಳ ನಾಮಕರಣಕ್ಕೆ ಹಾಸನಕ್ಕೆ ಹೋಗಿದ್ದಾಗ ಪಕ್ಕದ ಮನೆ ಅತ್ತೆ ಕೈಯಾರೆ ಹೊಲಿದ ಕುಲಾವಿ ತಂದಿದ್ದರು. ಅವರಿಗೆ ಮಕ್ಕಳಿಲ್ಲ. "ತೊಟ್ಟಿಲ ಹತ್ರ ಜಾಸ್ತಿ ಹೊತ್ತು ಬಿಡಬೇಡ" ಅಂತ ಒಳಗಿನಿಂದ ಅಮ್ಮನ ಪಿಸುಮಾತು. ಸಂಜೆ ಮಗು ಹಟ ಹಿಡಿದಿದ್ದೇ ತಡ, ಉಪ್ಪು ಮೆಣಸಿನಕಾಯಿ ಒಲೆಗೆ ಬಿತ್ತು. "ನೋಡಿದ್ಯಾ, ಘಾಟೇ ಬರ್ಲಿಲ್ಲ!" ಯಾರ ಕಣ್ಣು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕುಲಾವಿ ಬೀರು ಸೇರಿತು.

ನನಗೆ ಸಿಟ್ಟು ನಿವಾಳಿಸುವುದರ ಮೇಲಲ್ಲ, ಕಣ್ಣಿಗೆ ಒಬ್ಬರ ಹೆಸರು ಹಚ್ಚುವುದರ ಮೇಲೆ. ಇಟಲಿಯ ಉರ್ಬಿನೊ ಊರಿನ ಮ್ಯೂಸಿಯಂನಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ 15ನೇ ಶತಮಾನದಲ್ಲಿ ಬರೆದ ಮಾತೆ ಮೇರಿಯ ಚಿತ್ರವಿದೆ. ತೋಳಿನಲ್ಲಿರುವ ಬಾಲಯೇಸುವಿನ ಕೊರಳಲ್ಲಿ ಹವಳದ ಸರ. ಕೂಸುಗಳಿಗೆ ಕಣ್ಣು ತಾಗದಿರಲೆಂದು ಅಲ್ಲಿ ಹವಳ ಹಾಕುತ್ತಿದ್ದರು. ಯಶೋದೆಯೂ ಕೃಷ್ಣನಿಗೆ ದೃಷ್ಟಿ ತೆಗೆದವಳೇ. ತಾಯಂದಿರ ಈ ಭಯ ನನಗೂ ಇದೆ.

ಒಮ್ಮೆ ನನಗೆ ತಲೆನೋವು ಬಿಡದಿದ್ದಾಗ ಕೆಳಮನೆಯ ಅಜ್ಜಿ ಅಡುಗೆಮನೆಯಲ್ಲಿ ಕೂರಿಸಿ, ಸೂಪಿನ ತಟ್ಟೆಗೆ ನೀರು ಹಾಕಿ, ಬೆರಳ ತುದಿಯಿಂದ ಆಲಿವ್ ಎಣ್ಣೆಯ ಹನಿ ಬಿಟ್ಟರು. ಹಣೆಗೆ ಶಿಲುಬೆಯ ಗುರುತು, ತುಟಿಯಲ್ಲೇ ಮಂತ್ರ. ಹನಿಗಳು ದುಂಡಗೆ ನಿಲ್ಲದೆ ಹರಡಿಕೊಂಡವು, ದೃಷ್ಟಿ ತಾಗಿದ್ದಕ್ಕೆ ಅದೇ ಗುರುತಂತೆ. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ಆಕಳಿಸಿದರು. ದೃಷ್ಟಿ ಗಟ್ಟಿಯಾಗಿದ್ದರೆ ತೆಗೆಯುವವರಿಗೆ ಹಾಗಾಗುತ್ತದಂತೆ. ಆ ಮಂತ್ರವನ್ನು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾತ್ರ ಇನ್ನೊಬ್ಬರಿಗೆ ಕೊಡಬಹುದು, ಬೇರೆ ದಿನ ಬಾಯಿಬಿಟ್ಟರೆ ಶಕ್ತಿ ಹೋಗುತ್ತದೆ. ಯಾರು ಬಂದಿದ್ದರು, ಯಾರು ನೋಡಿದರು ಎಂದು ಅವರು ಕೇಳಲೇ ಇಲ್ಲ. ತಟ್ಟೆ ತೊಳೆದಿಟ್ಟು ಕಾಫಿಗೆ ಇಟ್ಟರು. ಅದು ನನಗೆ ತುಂಬಾ ಹಿಡಿಸಿತು.

ಇಟಲಿಯಲ್ಲಿ ಎಲ್ಲ ಕಡೆ ಹೀಗೇ ಎನ್ನಲಾರೆ. ನೇಪಲ್ಸ್‌ನಲ್ಲಿ ಕೆಲವರಿಗೆ 'ಯೆತ್ತಾತೋರೆ' ಎಂಬ ಹಣೆಪಟ್ಟಿ ಹಚ್ಚುತ್ತಾರೆ: ಎದುರು ಬಂದರೆ ಸಾಕು, ಕೆಡುಕು. ಅಂಥವನನ್ನು ಕಂಡೊಡನೆ ಜನ ಜೇಬಿನಲ್ಲಿಟ್ಟ ಕೆಂಪು ಕೊಂಬಿನ ತಾಯಿತವನ್ನೋ ಹತ್ತಿರದ ಕಬ್ಬಿಣವನ್ನೋ ಮುಟ್ಟುತ್ತಾರೆ. 1787ರಲ್ಲಿ ನಿಕೋಲಾ ವಲೆತ್ತಾ ಎಂಬ ಕಾನೂನು ಪ್ರಾಧ್ಯಾಪಕರು ಇದರ ಮೇಲೆ ಪುಸ್ತಕವನ್ನೇ ಬರೆದಿದ್ದರು. ಪಕ್ಕದ ಮನೆ ಅತ್ತೆಯ ಪಾಡಿಗಿಂತ ಅದೇನೂ ಕಡಿಮೆ ಕ್ರೂರವಲ್ಲ.

ಅಮ್ಮನ ಬಗ್ಗೆಯೂ ಇದೊಂದು ಹೇಳಲೇಬೇಕು. ಅದೇ ಅತ್ತೆ ಜ್ವರದಲ್ಲಿ ಮಲಗಿದ್ದಾಗ ಹಿಡಿ ಉಪ್ಪು ತಗೊಂಡು ಓಡಿ ಹೋಗಿ ನಿವಾಳಿಸಿ ಬಂದವಳೂ ಅಮ್ಮನೇ. ಹಾಗಾಗಿ ಫೋನಿನಲ್ಲಿ ಅವಳ ಹತ್ತಿರ ನಾನು ಕೇಳಿಕೊಂಡಿದ್ದು ಇಷ್ಟೇ: ದೃಷ್ಟಿ ತೆಗಿ, ಬೇಡ ಅನ್ನಲ್ಲ, ಈ ಸಲ ನಾವು ಬಂದಾಗ ಅತ್ತೆ ಮಗೂನ ಎತ್ತಿಕೊಳ್ಳಲಿ, ಬಾಯ್ತುಂಬ ಹೊಗಳಲಿ, ಹರಸಲಿ.