ಮೊದಲು ಮಾತ್ರೆ, ಆಮೇಲೆ ಪರೀಕ್ಷೆ

ಕೋವಿಡ್‌ಗೆ ಮಲೇರಿಯಾ ಮಾತ್ರೆ ಕೆಲಸ ಮಾಡುತ್ತೆ ಅಂದಿದ್ದ ಆ ಫ್ರಾನ್ಸಿನ ಸಂಶೋಧನಾ ಪೇಪರನ್ನು ಅಚ್ಚು ಹಾಕಿದ ಜರ್ನಲ್‌ನವರೇ ಕೊನೆಗೂ ವಾಪಸ್ ತಗೊಂಡರು. ಅದೇ, ಮಾರ್ಸೇ ಊರಿನ ಸೂಕ್ಷ್ಮಜೀವಿ ತಜ್ಞ ಡಿಡಿಯೇ ರಾವುಲ್ ಸಾಹೇಬರದ್ದು. 2020ರ ಮಾರ್ಚ್‌ನಲ್ಲಿ ಕೊಟ್ಟ ಮಾರನೇ ದಿನವೇ ಪಾಸಾದ ಪೇಪರು. ರದ್ದಾಗಿದ್ದು 2024ರ ಡಿಸೆಂಬರ್‌ನಲ್ಲಿ. ಒಳಗೆ ಬರೋಕೆ ಒಂದು ದಿನ, ಹೊರಗೆ ಹೋಗೋಕೆ ಹತ್ತಿರ ಹತ್ತಿರ ಐದು ವರ್ಷ. ಇದರಲ್ಲಿ ಮೊದಲ ಅರ್ಧವನ್ನಾದರೂ ನಮ್ಮ ತಾಲ್ಲೂಕು ಕಚೇರಿಯವರು ಕಲಿಯಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಅಜಿತ್ರೋಮೈಸಿನ್ ಜೋಡಿ ನೆನಪಿದೆ ಅಲ್ವಾ? ಒಂದು ಮಲೇರಿಯಾ ಮಾತ್ರೆ, ಇನ್ನೊಂದು ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ. ಬಂದಿದ್ದು ಮಾತ್ರ ವೈರಸ್. ಇರಲಿ, ಮನೆಗೆ ಯಾರೇ ಬಂದರೂ ಇದ್ದಿದ್ದನ್ನೇ ಬಡಿಸೋದು ನಮ್ಮ ಪದ್ಧತಿ ತಾನೇ.

ಆ ಪೇಪರಿನ ಲೆಕ್ಕ ಮಾತ್ರ ಸವಿಯುವಂಥದ್ದು. ಮಲೇರಿಯಾ ಮಾತ್ರೆ ತಗೊಂಡವರು 26 ಜನ. ಅವರಲ್ಲಿ 6 ಜನರನ್ನು ಕೈಬಿಟ್ಟರು. ಮೂವರು ಐಸಿಯುಗೆ ಹೋದರು. ಒಬ್ಬರು ವಾಕರಿಕೆ ಅಂತ ಮಾತ್ರೆ ನಿಲ್ಲಿಸಿದರು. ಒಬ್ಬರು ಆಸ್ಪತ್ರೆಯಿಂದಲೇ ಹೊರಟುಹೋದರು. ಇನ್ನೊಬ್ಬರು ತೀರಿಕೊಂಡರು. ತೀರಿಕೊಂಡವರು ಆರನೇ ದಿನದ ಸ್ವ್ಯಾಬ್ ಕೊಡೋಕೆ ಬರಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಉಳಿದ ಇಪ್ಪತ್ತರಲ್ಲಿ ಎರಡೂ ಔಷಧ ಸಿಕ್ಕಿದ್ದು ಆರೇ ಜನಕ್ಕೆ. ಆರನೇ ದಿನ ಆರೂ ಜನ ನೆಗೆಟಿವ್. ನೂರಕ್ಕೆ ನೂರು! ನಮ್ಮ ಕೆಲವು ಶಾಲೆಗಳು ಎಸ್ಸೆಸ್ಸೆಲ್ಸಿಯಲ್ಲಿ ಇದನ್ನೇ ಮಾಡುತ್ತವೆ. ದಡ್ಡ ಹುಡುಗನಿಗೆ ಜನವರಿಯಲ್ಲೇ ಟಿಸಿ ಕೊಟ್ಟು, ಮೇ ತಿಂಗಳಲ್ಲಿ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕೋದು. ರಾವುಲ್ ಸಾಹೇಬರ ಫ್ಲೆಕ್ಸ್ ಅನ್ನು ಟ್ರಂಪ್ ಟ್ವಿಟರ್‌ನಲ್ಲಿ ಕಟ್ಟಿದರು, ಅಷ್ಟೇ ವ್ಯತ್ಯಾಸ.

ನಾವೇನು ಕಡಿಮೆಯೇ? ಆ ಪೇಪರು ಬಂದು ಮೂರು ದಿನಕ್ಕೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಮ್ಮ ಡಾಕ್ಟರು, ನರ್ಸುಗಳಿಗೆ ಮುಂಜಾಗ್ರತೆಗೆ ಅಂತ ಅದೇ ಮಲೇರಿಯಾ ಮಾತ್ರೆ ಹೇಳಿತು. ಬ್ರಿಟನ್ನಿನವರು ಪಾಪ, ಹಳೇ ಕಾಲದವರು. ರಿಕವರಿ ಅಂತ ಟ್ರಯಲ್ ಮಾಡಿ, 4,600ಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಈ ಮಾತ್ರೆ ಕೊಟ್ಟು, ಇನ್ನೊಂದಕ್ಕೆ ಕೊಡದೆ, ಯಾರು ಬದುಕಿದರು, ಯಾರು ಸತ್ತರು ಅಂತ ಎಣಿಸಿದರು. ಸತ್ತವರನ್ನೂ ಎಣಿಸಿದರು! 2020ರ ಜೂನ್‌ನಲ್ಲೇ ಹೇಳಿದರು: ಉಪಯೋಗವಿಲ್ಲ. ನಮ್ಮ ಚಿಕಿತ್ಸಾ ಪಟ್ಟಿಯಿಂದ ಅದು ಇಳಿದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅವಸರ ಬೇಡ ನೋಡಿ.

ಫ್ಲೂ ಜ್ವರಕ್ಕೆ ಅಂತ ಮಾಡಿದ್ದ ಫ್ಯಾವಿಪಿರಾವಿರ್ ಕೋವಿಡ್‌ಗೆ ಅಂತ ಬಂದಾಗ ಮಾತ್ರೆ ಒಂದಕ್ಕೆ 103 ರೂಪಾಯಿ. ಮೊದಲ ದಿನ 18, ಆಮೇಲೆ ದಿನಕ್ಕೆ 8. ಹದಿನಾಲ್ಕು ದಿನಕ್ಕೆ 122 ಮಾತ್ರೆ, ಹನ್ನೆರಡೂವರೆ ಸಾವಿರ ಚಿಲ್ಲರೆ. ಇಷ್ಟು ಮಾತ್ರೆ ನುಂಗಿದವನಿಗೆ ಬೇರೆ ಊಟ ಯಾಕೆ ಬೇಕು?

ಆದರೆ ನನ್ನ ಮೆಚ್ಚಿನ ಪ್ರಯೋಗ ಗೋವಾದ್ದು. 2021ರ ಮೇ ತಿಂಗಳು. ಅಲ್ಲಿನ ಆರೋಗ್ಯ ಮಂತ್ರಿಗಳು 18 ದಾಟಿದ ಎಲ್ಲರಿಗೂ ಐದು ದಿನ ಐವರ್‌ಮೆಕ್ಟಿನ್ ಅಂದರು. ಹುಳುವಿನ ಮಾತ್ರೆ. ಕಾಯಿಲೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಇದಕ್ಕಿಂತ ಬುದ್ಧಿವಂತಿಕೆ ಇನ್ನೊಂದಿಲ್ಲ. ಕಾಯಿಲೆಯೇ ಇಲ್ಲದವರಿಗೆ ಔಷಧ ಕೊಟ್ಟರೆ ಗುಣವಾಗುವ ಪ್ರಮಾಣ ತುಂಬಾ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಮುಖ್ಯ ವಿಜ್ಞಾನಿ ಸೌಮ್ಯಾ ಸ್ವಾಮಿನಾಥನ್ ಬೇಡ ಅಂದಿದ್ದಕ್ಕೆ ಜನ ಅವರನ್ನೇ ಬೈದರು.

ಇನ್ನು ನಮ್ಮ ವಾಟ್ಸಾಪ್. ಯಾವುದೋ ಡಾಕ್ಟರ ಚೀಟಿಯ ಫೋಟೋ, ಹೆಸರಿರುವ ಜಾಗ ಕತ್ತರಿಸಿದ್ದು. ಡಾಕ್ಸಿಸೈಕ್ಲಿನ್, ಐವರ್‌ಮೆಕ್ಟಿನ್, ಜಿಂಕ್, ವಿಟಮಿನ್ ಸಿ, ಕೆಳಗೆ ಒಂದು ಸ್ಟೀರಾಯ್ಡ್. 'ನಮ್ಮ ಭಾವನಿಗೆ ಇದರಲ್ಲೇ ವಾಸಿ ಆಯ್ತು.' ಯಾವುದರಲ್ಲಿ ವಾಸಿ ಆಯ್ತು ಸ್ವಾಮಿ? ಐದರಲ್ಲಿ ಯಾವುದು? ಸುಮ್ನೆ ಮಲಗಿದ್ದರೂ ಹೆಚ್ಚಿನವರಿಗೆ ವಾಸಿ ಆಗುತ್ತಿತ್ತು ಅಂತ ಹೇಳಿದವನು ಆ ಗ್ರೂಪಿನಲ್ಲಿ ಉಳಿಯುತ್ತಿರಲಿಲ್ಲ.

ಹಳೇ ಔಷಧವನ್ನು ಹೊಸ ರೋಗಕ್ಕೆ ಪ್ರಯತ್ನಿಸೋದು ತಪ್ಪಲ್ಲ. ಡೆಕ್ಸಾಮೆಥಾಸೋನ್ ಅಂಥದ್ದೇ. ಚಿಲ್ಲರೆ ಕಾಸಿನ ಸ್ಟೀರಾಯ್ಡ್. ವೆಂಟಿಲೇಟರ್ ಮೇಲಿದ್ದವರ ಸಾವನ್ನು ಮೂರರಲ್ಲೊಂದು ಪಾಲು ಇಳಿಸಿತು. ಅದು ಗೊತ್ತಾಗಿದ್ದು ಅದೇ ರಿಕವರಿ ಟ್ರಯಲ್‌ನಿಂದ. ಆಕ್ಸಿಜನ್ ಬೇಡದವರಿಗೆ ಇದರಿಂದ ಉಪಯೋಗವಿಲ್ಲ ಅಂತಲೂ ಅವರೇ ಹೇಳಿದ್ದರು. ನಾವು ಮೊದಲ ಸಾಲು ಓದಿ ಓಡಿದೆವು. ಜ್ವರ ಬಂದ ದಿನವೇ ಸ್ಟೀರಾಯ್ಡ್ ನುಂಗಿದೆವು. ಸಕ್ಕರೆ ಕಾಯಿಲೆಯವರೂ ನುಂಗಿದರು. ಆಮೇಲೆ ಬ್ಲ್ಯಾಕ್ ಫಂಗಸ್ ಬಂದು ಎಷ್ಟೋ ಜನ ಕಣ್ಣು ಕಳೆದುಕೊಂಡರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಅತ್ತ ಲೂಪಸ್ ರೋಗಿಗಳು, ಅಂದರೆ ರೋಗ ತಡೆಯೋ ಶಕ್ತಿಯೇ ತಿರುಗಿ ಮೈಮೇಲೆ ಬೀಳುವ ಕಾಯಿಲೆಯವರು, ವರ್ಷಗಟ್ಟಲೆ ತಗೊಳ್ತಿದ್ದ ಮಲೇರಿಯಾ ಮಾತ್ರೆಗೆ ಅಂಗಡಿ ಅಂಗಡಿ ಅಲೆದರು. ಅವರಿಗೆ ಅದು ನಿಜವಾಗಿಯೂ ಬೇಕಿತ್ತು. ನಮ್ಮ ಮನೆಗಳ ಡಬ್ಬಿಯಲ್ಲಿ ಅದು ಎಕ್ಸ್‌ಪೈರಿ ದಾಟಿ ಕೊಳೆಯಿತು. ಪೇಪರು ವಾಪಸ್ ಆಯ್ತು, ಸರಿ. ಯಾರಾದರೂ ಕ್ಷಮೆ ಕೇಳಿದರಾ? ಇಲ್ಲ.

ಅಜಿತ್ರೋಮೈಸಿನ್ ಅಂತೂ ಇನ್ನೂ ಚಲಾವಣೆಯಲ್ಲಿದೆ. ಮೆಡಿಕಲ್ ಸ್ಟೋರ್‌ನಲ್ಲಿ ನೆಗಡಿ ಅಂದರೆ ಸಾಕು, ಡಾಕ್ಟರ ಚೀಟಿ ಇಲ್ಲದೆ ಕೊಡಬೇಡಿ ಅನ್ನುವ ಸ್ಟ್ರಿಪ್ ಮೇಲಿನ ಕೆಂಪು ಗೆರೆ ಮೇಲೇ ಕತ್ತರಿ ಆಡಿಸಿ ಮೂರು ಮಾತ್ರೆ ಕೊಡ್ತಾರೆ. ಚೀಟಿ ಕೇಳಲ್ಲ. ಚಿಲ್ಲರೆ ಇದೆಯಾ ಅಂತ ಮಾತ್ರ ಕೇಳ್ತಾರೆ.