ಫೋಟೋದ ಒಂದು ಭಾಗಕ್ಕೆ ಮಾತ್ರ ಕಾಂಟ್ರಾಸ್ಟ್: ಮಾಡಬೇಕೇ, ಬೇಡವೇ?

ಪರ: ಕಣ್ಣು ಕಂಡದ್ದು ಫೋಟೋದಲ್ಲೂ ಇರಲಿ

ಕೊಪ್ಪಳ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವರು ಒಮ್ಮೆ ಇಟಗಿಗೆ ಹೋಗಿ ಬನ್ನಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಮಧ್ಯಾಹ್ನದ ಹೊತ್ತು ಒಳಗೆ ನಿಂತು ಬಾಗಿಲ ಕಡೆ ನೋಡಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕತ್ತಲು, ಆ ಕತ್ತಲಲ್ಲಿ ನುಣುಪಾದ ಕಂಬಗಳು. ಎರಡು ನಿಮಿಷ ಸುಮ್ನೆ ನಿಂತರೆ ಸಾಕು, ಕಂಬದ ಸುತ್ತ ಕೊರೆದ ತೆಳು ಬಳೆಗಳು ಒಂದೊಂದಾಗಿ ಕಾಣತೊಡಗುತ್ತವೆ. ಕಣ್ಣು ಕತ್ತಲಿಗೂ ಒಗ್ಗುತ್ತದೆ, ಬೆಳಕಿಗೂ ಒಗ್ಗುತ್ತದೆ.

ಕ್ಯಾಮೆರಾಕ್ಕೆ ಆ ಪುರುಸೊತ್ತಿಲ್ಲ. ಬಾಗಿಲಿನ ಬೆಳಕಿಗೆ ಅಳತೆ ಹಿಡಿದರೆ ಕಂಬ ಇದ್ದಿಲಾಗುತ್ತದೆ. ಕಂಬಕ್ಕೆ ಹಿಡಿದರೆ ಬಾಗಿಲಲ್ಲಿ ಸುಣ್ಣ ಬಳಿದಂತೆ ಬರೀ ಬಿಳಿ. ಆಮೇಲೆ ಮನೆಗೆ ಬಂದು ಇಡೀ ಫೋಟೋದ ಕಾಂಟ್ರಾಸ್ಟ್ ಏರಿಸಿದರೆ ಇನ್ನೂ ಕೆಡುತ್ತದೆ. ಕಾಂಟ್ರಾಸ್ಟ್ ಏರಿಸುವುದು ಅಂದರೆ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುವುದು ತಾನೇ? ಕಂಬಕ್ಕೆ ಬೇಕಾದ ಮದ್ದು ಬಾಗಿಲಿಗೆ ವಿಷ. ಅದಕ್ಕೇ ನಾನು ಫೋಟೋ ತಿದ್ದುವ ತಂತ್ರಾಂಶದಲ್ಲಿ ಕಂಬದ ಮೇಲೆ ಮಾತ್ರ ಬ್ರಷ್ ಆಡಿಸುತ್ತೇನೆ, ಅದು ಹೋದಲ್ಲಿ ಮಾತ್ರ ತಿದ್ದುಪಡಿ. ಮೊದಲು ನೆರಳನ್ನು ಸ್ವಲ್ಪ ಎತ್ತಿ, ನಂತರ ಕಾಂಟ್ರಾಸ್ಟ್ ಹತ್ತೋ ಹದಿನೈದೋ. ಕಂಬದ ಬಳೆಗಳು ಮತ್ತೆ ಬರುತ್ತವೆ. ನಾನು ಅಲ್ಲಿ ಹೊಸದೇನನ್ನೂ ಬರೆದಿಲ್ಲ, ಫೈಲಿನೊಳಗೆ ಇದ್ದದ್ದೇ ಅದು. 14 ಬಿಟ್‌ನ ರಾ ಫೈಲಿನಲ್ಲಿ (ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲು) ಒಂದೊಂದು ಬಣ್ಣಕ್ಕೆ 16,384 ಹಂತಗಳಿರುತ್ತವೆ, ಮಾಮೂಲಿ ಫೋಟೋ ಫೈಲಾದ ಜೆಪೆಗ್‌ನಲ್ಲಿ 256 ಮಾತ್ರ. ಹಾಗಾಗಿ ಈ ಕೆಲಸ ಮಾಡುವವರು ರಾದಲ್ಲೇ ತೆಗೆಯಿರಿ. ಜೆಪೆಗ್‌ನ ಕತ್ತಲನ್ನು ಎಳೆದರೆ ಬರುವುದು ಬರೀ ಕಾಳುಕಾಳು.

ಇದು ಕಂಪ್ಯೂಟರ್ ಕಲಿಸಿದ ಚಾಳಿಯೂ ಅಲ್ಲ. ನಮ್ಮ ಕಾಕಾ ಕತ್ತಲಕೋಣೆಯಲ್ಲಿ ಪ್ರಿಂಟ್ ಹಾಕುತ್ತಿದ್ದರು. ತಂತಿಯ ತುದಿಗೆ ರಟ್ಟಿನ ಚೂರು ಅಂಟಿಸಿ, ನೆಗೆಟಿವ್ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್‌ನ ಬೆಳಕಿಗೆ ಅಡ್ಡ ಹಿಡಿದು, ಬಾಯಲ್ಲಿ ಎಣಿಸುತ್ತಾ ಮುಖದ ಮೇಲೆ ಆಡಿಸುತ್ತಿದ್ದರು. ಕಾಗದಕ್ಕೆ ಬೆಳಕು ಕಡಿಮೆ ಬಿದ್ದಷ್ಟು ಭಾಗ ತಿಳಿಯಾಗುತ್ತಿತ್ತು. ಕೈ ಒಂದು ಗಳಿಗೆ ನಿಂತರೂ ರಟ್ಟಿನ ಅಂಚು ಕಾಗದದ ಮೇಲೆ ಮೂಡುತ್ತಿತ್ತು. ಇವತ್ತು ಬ್ರಷ್‌ನ ಅಂಚನ್ನು ಮೆತ್ತಗೆ ಮಾಡಿಕೊಳ್ಳುವುದು ಅದೇ ಕಾರಣಕ್ಕೆ.

ಇನ್ನೊಂದು ಮಾತು. 'ನಾನು ಏನೂ ತಿದ್ದುವುದಿಲ್ಲ, ಫೋನಿನಲ್ಲಿ ಬಂದದ್ದೇ ಫೋಟೋ' ಎನ್ನುವವರ ಫೋನ್ ಆಕಾಶವನ್ನು ಬೇರೆ, ಮುಖವನ್ನು ಬೇರೆ ತಿದ್ದಿಯೇ ಕೊಟ್ಟಿರುತ್ತದೆ. ಆ ಕಂಬ ನೋಡಿದವನು ನಾನು. ತಿದ್ದುವುದಾದರೆ ನಾನೇ ತಿದ್ದುತ್ತೇನೆ.

ವಿರೋಧ: ಯಾವ ಭಾಗ ಎಂದು ಆರಿಸುವವರು ಯಾರು?

ಇಟಗಿಯ ಕಂಬದ ಮಾತು ಒಪ್ಪುತ್ತೇನೆ. ಆದರೆ ಎಲ್ಲರೂ ಕಂಬದ ಬಳೆ ನೋಡಿದ ಮೇಲೆ ಬ್ರಷ್ ಹಿಡಿಯುವುದಿಲ್ಲ. ಸಿಗಲಿ ಎಂದು ಬಯಸಿದ್ದರ ಮೇಲೆ ಹಿಡಿಯುತ್ತಾರೆ. ನಾನೂ ಹಿಡಿದಿದ್ದೇನೆ.

ನಮ್ಮೂರ ಕೆರೆ ಏರಿಯ ಹತ್ತಿರ ಒಂದು ವೀರಗಲ್ಲಿದೆ. ಮೇಲೆ ಎರಡು ಸಾಲು ಅಕ್ಷರ, ಸವೆದು ಹೋಗಿವೆ. ಫೋನಿನಲ್ಲಿ ಫೋಟೋ ತೆಗೆದು, ಫೋಟೋ ತಿದ್ದುವ ಆ್ಯಪ್ ಆದ ಸ್ನ್ಯಾಪ್‌ಸೀಡ್‌ನಲ್ಲಿ 'ಸೆಲೆಕ್ಟಿವ್' ಒತ್ತಿದೆ. ಅಕ್ಷರದ ಮೇಲೆ ಚುಕ್ಕಿ ಇಟ್ಟು, ಎರಡು ಬೆರಳಿಂದ ವೃತ್ತ ಸಣ್ಣದು ಮಾಡಿ, ಕಾಂಟ್ರಾಸ್ಟ್ ಬಲಕ್ಕೆ ಎಳೆದೆ. ಅಕ್ಷರದ ಪಕ್ಕ ಒಂದು ಸೊನ್ನೆ ಎದ್ದು ಬಂತು. ಹೆಸರು ಓದಿದೆ ಎಂದು ಖುಷಿಪಟ್ಟು ನಾಲ್ಕು ಜನಕ್ಕೆ ಕಳಿಸಿದೆ. ಮರುವಾರ ಹೋಗಿ ಬೆರಳಿಟ್ಟು ನೋಡಿದರೆ ಅದು ಕಲ್ಲು ಚಕ್ಕೆ ಎದ್ದ ಕುಳಿ. ಅಂಥ ಕುಳಿಗಳು ಆ ಕಲ್ಲಿನ ತುಂಬ ಇದ್ದವು. ಉಳಿದವನ್ನು ನಾನು ಮಂಕಾಗಿಯೇ ಬಿಟ್ಟಿದ್ದೆ. ಹಾಗಾಗಿ ಇದೊಂದು ಸೊನ್ನೆಯಾಯಿತು.

ಶಾಸನದ ಪಡಿಯಚ್ಚು ತೆಗೆಯುವುದನ್ನು ನೋಡಿದ್ದೀರಾ? ಒದ್ದೆ ಕಾಗದವನ್ನು ಇಡೀ ಕಲ್ಲಿಗೆ ಹಚ್ಚಿ, ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕೊರೆದದ್ದೆಲ್ಲ ಬಿಳಿ, ಉಳಿದದ್ದೆಲ್ಲ ಕಪ್ಪು. ಅಕ್ಷರ, ಕುಳಿ, ಬಿರುಕು ಎಲ್ಲಕ್ಕೂ ಒಂದೇ ಮಸಿ. ನಮಗೆ ಯಾವ ಅಕ್ಷರ ಬೇಕು ಎಂಬುದು ಆ ಕಾಗದಕ್ಕೆ ಗೊತ್ತಿಲ್ಲ, ನಾನು ಅದನ್ನು ನಂಬುವುದು ಅದಕ್ಕೇ. ಫೋಟೋನೇ ಬೇಕಿದ್ದರೆ ಸಂಜೆ ಬಂದು ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿಯಿರಿ. ಗೆರೆಗಳು ತಾವಾಗಿ ನೆರಳು ಹಿಡಿಯುತ್ತವೆ.

ಸುದ್ದಿಯ ಚಿತ್ರಗಳಲ್ಲೂ ಇದೇ ಕಥೆ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯ ಕೊನೆಯ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಸುಮಾರು ಐದರಲ್ಲೊಂದನ್ನು ತಿದ್ದುಪಡಿಯ ಕಾರಣಕ್ಕೆ ಕೈಬಿಟ್ಟರು. ಕೆಲವರು ನೆರಳನ್ನು ಎಷ್ಟು ಕಪ್ಪು ಮಾಡಿದ್ದರೆಂದರೆ ಅಲ್ಲಿದ್ದ ವಸ್ತುಗಳೇ ಮಾಯವಾಗಿದ್ದವು. ಬಂಡೆಗಳನ್ನಷ್ಟೇ ಅತಿಯಾಗಿ ತಿದ್ದಿ, ಅವುಗಳ ಸುತ್ತ ಬಿಳಿ ಅಂಚು ಮೂಡಿದ ಅಂಜನಾದ್ರಿ ಬೆಟ್ಟದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಅದು ಬರೀ ಚಂದ ಕೆಟ್ಟದ್ದು, ಹೋಗಲಿ.

ಮುಖದ ವಿಷಯ ಹಾಗಲ್ಲ. ನಮ್ಮ ಕಡೆ ಮದುವೆ ಆಲ್ಬಮ್ ತೆರೆದು ನೋಡಿ. ಮದುಮಗಳ ಮುಖ ಹಾಲಿನ ಬಣ್ಣ, ಮೆಹಂದಿ ಹಚ್ಚಿದ ಕೈ ಅವಳದೇ ಬಣ್ಣ. ಮುಖವನ್ನಷ್ಟೇ ಆರಿಸಿ ಬೆಳಕು ಏರಿಸಿ, ಕಾಂಟ್ರಾಸ್ಟ್ ಇಳಿಸಿರುತ್ತಾರೆ. ಯಾರೂ ಅವಳನ್ನು ಕೇಳಿರುವುದಿಲ್ಲ. ಕಪ್ಪಗಿರುವುದು ತಪ್ಪು ಎಂದು ಅವಳ ಮದುವೆಯ ಆಲ್ಬಮ್ಮೇ ಅವಳಿಗೆ ಹೇಳುತ್ತದೆ. ನನಗೆ ಇದು ಸಿಟ್ಟು ತರಿಸುತ್ತದೆ.

ನಮ್ಮ ಅಜ್ಜಿ ತೀರಿಕೊಂಡಾಗ ಅವರ ಒಂದು ಫೋಟೋವನ್ನು ದೊಡ್ಡದು ಮಾಡಿಸಲು ಸ್ಟುಡಿಯೋಕ್ಕೆ ಕೊಟ್ಟೆವು. ಗದ್ದದ ಮೇಲೆ ಅವರಿಗೆ ಮೂರು ಚುಕ್ಕಿ ಹಚ್ಚೆ ಇತ್ತು. ಹಸಿರು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಕ್ಕಳಾಗಿದ್ದಾಗ ನಾವೆಲ್ಲ ಅದನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆವು. ಫ್ರೇಮು ಬಂದಾಗ ಮುಖ ತಿಳಿಯಾಗಿತ್ತು, ಸುಕ್ಕು ಕಡಿಮೆಯಾಗಿತ್ತು, ಹಚ್ಚೆ ಇರಲಿಲ್ಲ. ಯಾರೂ ಅದನ್ನು ಬೇಕೆಂದು ಅಳಿಸಿರಲಿಲ್ಲ. ಮುಖದ ಕಾಂಟ್ರಾಸ್ಟ್ ಇಳಿದಾಗ ಆ ಮಾಸಿದ ಚುಕ್ಕಿಗಳು ಚರ್ಮದ ಬಣ್ಣದೊಳಗೆ ಸೇರಿಹೋಗಿದ್ದವು. ನಾವು ಕೊಟ್ಟ ಪ್ರತಿ ಕೇಳಿದೆವು. ಅದರ ಮೇಲೇ ಸೇವ್ ಮಾಡಿಬಿಟ್ಟಿದ್ದರು, ನಮ್ಮ ಫೋನಿನಲ್ಲೂ ಉಳಿದಿರಲಿಲ್ಲ.

ಸ್ಟುಡಿಯೋದವರಿಗೆ ನಾನು ಕೇಳುವುದು ಇಷ್ಟೇ. ತಿದ್ದುವ ಮುಂಚೆ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಫ್ರೇಮಿನ ಜೊತೆ ಅದನ್ನೂ ಮನೆಯವರಿಗೆ ಕೊಡಿ.